ನಾಲ್ಕೂ ಕಡೆ ಚೊಕ್ಕ

ಅಂದಾನಪ್ಪ ಅಬ್ದುಲಗನಿಯ ಹೊಸ್ತಿಲ ಮುಂದೆ ಐದನೆಯ ಸಲ ಚಪ್ಪಲಿ ಬಿಟ್ಟು, ಐದನೆಯ ಸಲ ಮತ್ತೆ ಮೆಟ್ಟಿಕೊಂಡ. ಒಳಗೆ ಗನಿಯ ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದರು. ಗಜೇಂದ್ರಗಡದ ಅರ್ಧ ಊರು ಆ ಓಣಿಯಲ್ಲೇ ಇತ್ತು; ಉಳಿದರ್ಧ ದಾರಿಯಲ್ಲಿತ್ತು.

“ಯಾಕ ನಿಂತೀರಿ ಸಾವ್ಕಾರ್ರ? ಕುಂದರ್ರಿ,” ಎಂದು ಹಮಾಲ ಖಾದರ ಕುರ್ಚಿ ತಂದಿಟ್ಟ. “ಗನಿಸಾಬ್ ಇದ್ದಿದ್ರ ನಿಮಗ ಮೊದಲ ಚಾ ಕುಡಸ್ತಿದ್ದ.”

“ಅಂವ ಇದ್ದಿದ್ರ ಇಷ್ಟ ಮಂದಿ ಯಾಕ ಬರ್ತಿದ್ರಲೇ,” ಎಂದ ಅಂದಾನಪ್ಪ. ಯಾರೋ ನಕ್ಕರು. ಅವನು ನಗಲಿಲ್ಲ.

ಮೂವತ್ತು ವರ್ಷ ಅವನ ದಲಾಲಿ ಅಂಗಡಿಯಲ್ಲಿ ಅಬ್ದುಲಗನಿಗೆ ಇದ್ದದ್ದು ಒಂದೇ ಕೆಲಸ: ತುದಿ ಚೂಪಾದ ಕಬ್ಬಿಣದ ಕೊಳವೆಯನ್ನು ಚೀಲಕ್ಕೆ ಚುಚ್ಚಿ ಕಾಳಿನ ಸ್ಯಾಂಪಲ್ ತೆಗೆಯುವುದು. ಅವನು ಚುಚ್ಚಿದ ಚೀಲಗಳನ್ನೆಲ್ಲ ಪೇರಿಸಿದ್ದರೆ ಊರ ಕೋಟೆಯ ಗುಡ್ಡ ನಾಚಿ ಕುಳಿತುಬಿಡುತ್ತಿತ್ತು. ಮೇಲೆ ಒಳ್ಳೆಯ ಹೆಸರುಕಾಳು, ನಡುವೆ ಹುಳುಕು ತುಂಬಿ ತಂದ ಜಾಣರು ಅವನ ನೆರಳು ಕಂಡರೇ ಚೀಲ ಹೊತ್ತು ವಾಪಸು ನಡೆಯುತ್ತಿದ್ದರು. ಒಂದೇ ಕಡೆ ಚುಚ್ಚಿ ಬೆಲೆ ಕೂಗುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ.

“ಒಂದ ತೂತು ನಂಬಿ ಬಾಯಿ ತಗೀಬ್ಯಾಡ್ರಿ,” ಅನ್ನುತ್ತಿದ್ದ. “ಮ್ಯಾಲ, ನಡುವ, ತಳ, ಬಾಜೂಕ. ನಾಕೂ ಕಡೆ ನೋಡ್ರಿ.”

ಬಾಗಿಲ ಮರೆಯಿಂದ ಅವನ ಹೆಂಡತಿ ಬಿಸ್ಮಿಲ್ಲಾ ಕರೆದಳು. “ಸಾವ್ಕಾರ್ರ, ಹುಬ್ಬಳ್ಳಿಗೆ ಕರಕೊಂಡ ಹೋಗಿ ಎಲ್ಲಾ ಮಾಡಿಸಿದ್ರಿ. ಒಡಹುಟ್ಟಿದವರೂ ಇಷ್ಟ ಮಾಡಂಗಿಲ್ಲ.”

ರೋಣದಲ್ಲಿ ಬಸ್ಸು ಹತ್ತಿ ಗಜೇಂದ್ರಗಡದಲ್ಲಿ ಇಳಿಯುವವರೆಗೆ ಒಂದೇ ಉಸಿರಿನಲ್ಲಿ ಮಾತಾಡಬಲ್ಲ ಅಂದಾನಪ್ಪನಿಗೆ “ತಂಗೆವ್ವಾ…” ಎಂಬುದರ ಮುಂದೆ ಒಂದಕ್ಷರ ಹೊರಡಲಿಲ್ಲ. ಬೆಳಗಿನಿಂದ ಅವನು ನಿಂತಿದ್ದದ್ದು ಆ ಮುಂದಿನ ಮಾತಿಗಾಗಿಯೇ.

* * *

ಆಗಸ್ಟಿನಲ್ಲಿ ಗನಿಯ ಮಗ ಇಲಿಯಾಸ ಲಾರಿಯ ಮೇಲೆ ದೂರ ಹೋಗಿದ್ದ. ಹೊಟ್ಟೆನೋವಿನ ಅಬ್ದುಲಗನಿಯನ್ನು ಹುಬ್ಬಳ್ಳಿಯ ದವಾಖಾನೆಗೆ ಅಂದಾನಪ್ಪನೇ ಕರೆದೊಯ್ದಿದ್ದ. ಗಂಟಲಿನಿಂದ ಕೊಳವೆ ಇಳಿಸಿ, ಅದರ ತುದಿಯ ಸ್ಕ್ಯಾನಿಂಗಿನಲ್ಲಿ ನೋಡುತ್ತ, ಕ್ಯಾನ್ಸರ್ ಇದೆಯೇ ಎಂದು ಜಠರದ ಹಿಂದಿನ ಗಡ್ಡೆಗೆ ಸೂಜಿ ಹಾಕಿ ತುಣುಕು ತೆಗೆದಿದ್ದರು.

ಡಾಕ್ಟರ್ ಸುವರ್ಣಾ ಅಂದಾನಪ್ಪನನ್ನು ಹೊರಗೆ ಕರೆದರು.

“ತಗದ ತುಣುಕನ್ನ ಅಲ್ಲೇ ಕಾಚಿನ ಪಟ್ಟಿ ಮ್ಯಾಲ ಹಾಕಿ ಮೈಕ್ರೋಸ್ಕೋಪಿನ್ಯಾಗ ನೋಡಿದ್ವಿ. ಬರೇ ರಕ್ತ ಬಂದೈತಿ. ರಕ್ತ ಭಾಳ ಹರಿಯಾಕತ್ತಿತ್ತು, ಒಂದ ಕಡೆ ಚುಚ್ಚಿ ನಿಲ್ಲಿಸಿದ್ವಿ. ಕೆಟ್ಟದ್ದು ಸಿಕ್ಕಿಲ್ಲ ಅಂದ್ರ ಕೆಟ್ಟದ್ದು ಇಲ್ಲ ಅಂತಲ್ರಿ. ಮುಂದಿನ ವಾರ ಬ್ಯಾರೆ ಸೂಜಿಲೇ, ಗಡ್ಡಿ ಎಲ್ಲಾ ಕಡೆಯಿಂದ ತಗೀಬೇಕು. ಇನ್ನ ಸಣ್ಣದೈತಿ, ಲಗೂ ತಿಳದ್ರ ಆಪರೇಶನ್ ಮಾಡಬಹುದು.”

ಅಂದಾನಪ್ಪನಿಗೆ ಪೂರ್ತಿ ತಿಳಿಯಿತು. ಮೂವತ್ತು ವರ್ಷ ಅಂಗಡಿಯಲ್ಲಿ ಕೇಳಿದ ಮಾತೇ ಅದು. ಆದರೆ ಮುಂದಿನ ವಾರವೇ ಹೆಸರುಕಾಳಿನ ಸುಗ್ಗಿ. ಗನಿಯ ಕೈ ಇಲ್ಲದೆ ಅಂಗಡಿ ನಡೆಯುವುದೆಂದರೆ ಸೂರ್ಯನಿಲ್ಲದೆ ಬೆಳಗಾದಂತೆ. ಸುಗ್ಗಿ ಮುಗಿಯಲಿ, ತಾನೇ ಕರೆತಂದರಾಯಿತು ಅಂದುಕೊಂಡ.

ಮಂಪರು ಹರಿದು ಕಣ್ಣು ಬಿಟ್ಟ ಅಬ್ದುಲಗನಿ ಕೇಳಿದ್ದು ಒಂದೇ. “ಸಾವ್ಕಾರ್ರ, ಎಷ್ಟ ಕಡೆ ಚುಚ್ಚಿದ್ರು?”

“ನಾಕೂ ಕಡೆ. ಮ್ಯಾಲ, ನಡುವ, ತಳ, ಬಾಜೂಕ. ಎಲ್ಲಾ ಚೊಕ್ಕ.”

“ಹಂಗಾದ್ರ ಖರೇ,” ಎಂದು ಅಬ್ದುಲಗನಿ ನಿರಾಳವಾಗಿ ಮಗ್ಗುಲಾದ.

ದವಾಖಾನೆಯ ಫೋನು ಎರಡು ಸಲ ಬಂತು. ಕೊಟ್ಟಿದ್ದ ನಂಬರು ಅಂದಾನಪ್ಪನದು. ಎರಡು ಸಲವೂ “ಬರ್ತೇವ್ರಿ” ಅಂದ. ಮಂದಿ ಲಕ್ಷ ಚೀಲ ಎನ್ನುವಷ್ಟು ಮಾಲು ಬಂತು ಆ ಸುಗ್ಗಿಗೆ. ದೀಪಾವಳಿಯ ಹೊತ್ತಿಗೆ ಅಬ್ದುಲಗನಿಯ ಕಣ್ಣುಗಳು ಅರಿಸಿನದ ಬಣ್ಣವಾಗಿದ್ದವು.

“ಎಷ್ಟ ತಡಾ ಮಾಡಿದ್ರಿ,” ಎಂದರು ಸುವರ್ಣಾ, ಮತ್ತೆ ಹೊರಗೆ ಕರೆದು. “ಇನ್ನ ಆಪರೇಶನ್ ಆಗಂಗಿಲ್ಲ.”

ಊರಿಗೆಲ್ಲ ಕೇಳುವ ಗಂಟಲಿನ ಅಂದಾನಪ್ಪ ಅದನ್ನು ಯಾರಿಗೂ ಹೇಳಲಿಲ್ಲ.

* * *

ಹೆಣ ಹೊತ್ತ ಜನಾಜಾ ಅಂಗಳಕ್ಕೆ ಬಂತು. ಇಲಿಯಾಸ ಮಂದಿಯತ್ತ ಕೈಜೋಡಿಸಿ ಹೇಳಿದ: “ನಮ್ಮ ಅಬ್ಬಾನಿಂದ ಯಾರಿಗರೆ ನೋವಾಗಿದ್ರ ಮಾಫ್ ಮಾಡ್ರಿ.”

“ಮಾಫ್, ಮಾಫ್,” ಎಂದಿತು ಓಣಿ.

“ನಂದು ಹಂಗಲ್ಲ.” ಅಂದಾನಪ್ಪ ಕುರ್ಚಿ ಬಿಟ್ಟೆದ್ದ. “ಅಂವ ನನ್ನ ಮಾಫ್ ಮಾಡಬೇಕು. ಇಲಿಯಾಸ, ಚುಚ್ಚಿದ್ದು ಒಂದ ಕಡೆ. ಇನ್ನೊಮ್ಮೆ ಬರ್ರಿ ಅಂದಿದ್ರು. ಸುಗ್ಗಿ ಸಲುವಾಗಿ ನಾ ಮುಚ್ಚಿಟ್ಟೆ. ಕೊಂದಾಂವ ನಾನು.”

“ನೀರ ತರ್ರಿ, ಸಾವ್ಕಾರ್ರಿಗೆ ತಲಿ ತಿರಗೈತಿ,” ಎಂದ ಖಾದರ.

ಪಕ್ಕದಂಗಡಿಯ ಸಿದ್ದರಾಮೇಶ ಮೆಲ್ಲಗೆ ಪಿಸುಗುಟ್ಟಿದ: “ಈ ಊರ ಕೋಟಿ ಕಟ್ಟಾಕ ಕಲ್ಲು ಹೊತ್ತಾಂವ ನಮ್ಮಜ್ಜ ಅಂತ ಹೇಳೂ ಮನಶ್ಯಾ. ದುಃಖಾನೂ ದೊಡ್ಡದ ಮಾಡೇ ಹೇಳ್ತಾನ, ಪಾಪ.”

“ಖರೇ ಹೇಳಾಕತ್ತೇನಿ!”

“ಕಾಕಾ, ನಿಮ್ಮ ಮ್ಯಾಲ ಹಾಕ್ಕೋಬ್ಯಾಡ್ರಿ.” ಇಲಿಯಾಸ ಅವನನ್ನು ತಬ್ಬಿದ. “ಅಬ್ಬಾ ಕಡೀತನಕಾ ನಿಮ್ಮ ಹೆಸರ ಹೇಳ್ತಿದ್ದ. ಸಾವ್ಕಾರ್ರು ನಾಕೂ ಕಡೆ ನೋಡ್ಸ್ಯಾರ, ನನ್ನ ಹಣೇಬರಾ ಕೆಟ್ಟದ್ದು ಅಂತಿದ್ದ. ಬರ್ರಿ, ಮೊದಲ ನೀವ ಹೆಗಲ ಕೊಡ್ರಿ.”

ಕಬರಸ್ತಾನದವರೆಗೆ ಅಂದಾನಪ್ಪ ಯಾರಿಗೂ ಹೆಗಲು ಬಿಟ್ಟುಕೊಡಲಿಲ್ಲ. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿ ಸರಿದರು. ಅವನು ಮೊದಲ ಹಿಡಿಯನ್ನೇ ಬಿಗಿಹಿಡಿದು ಗುಂಡಿಯ ಅಂಚಿನಲ್ಲಿ ನಿಂತಿದ್ದ. ಇಲಿಯಾಸ ಬಂದು, ಮಗುವಿನ ಕೈ ಬಿಡಿಸುವಂತೆ, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ.