ಯಾರ ಕೈಯ ರೊಟ್ಟಿ

ಚನ್ನಬಸವ್ವ ಹುಟ್ಟಿ ಬೆಳೆದದ್ದು ಉಣಕಲ್ಲಿನಲ್ಲಿ. ನಾಗರ ಪಂಚಮಿಗೆ ಮುಂಚೆ ಬರುವ ರೊಟ್ಟಿ ಹಬ್ಬದ ದಿನ ಅವರ ಓಣಿಯಲ್ಲಿ ಯಾರೂ ತಮ್ಮ ಮನೆಯ ರೊಟ್ಟಿ ಉಣ್ಣುತ್ತಿರಲಿಲ್ಲ. ಬೆಳಗಿನಿಂದ ಪಟಪಟ ಬಡಿದದ್ದೆಲ್ಲ ತಾಟು ಸೇರಿ, ಮೇಲೆ ಎಣ್ಣೆಗಾಯಿ, ಮಡಿಕೆ ಕಾಳು, ಶೇಂಗಾ ಚಟ್ನಿ ಹೊತ್ತು ಅಕ್ಕಪಕ್ಕದ ಮನೆಗಳಿಗೆ ಹೋಗುತ್ತಿತ್ತು. ಅಲ್ಲಿಯದು ಇಲ್ಲಿಗೆ ಬರುತ್ತಿತ್ತು. ತಾಟು ಒಯ್ಯುವುದು ಲಂಗ ತೊಟ್ಟ ಹುಡುಗಿಯರ ಕೆಲಸ. ದಾರಿಯಲ್ಲಿ ಅಂಚು ಮುರಿದು ಬಾಯಿಗೆ ಹಾಕಿಕೊಂಡರೆ ಅದು ಕಳವು ಅಲ್ಲ, ಕೂಲಿ.

ಸಂಜೆ ಎಲ್ಲರೂ ಉಣ್ಣಲು ಕೂತರೆ ಅಪ್ಪ ಸಿದ್ದಪ್ಪನ ಆಟ ಶುರು. ಕಣ್ಣು ಮುಚ್ಚಿ ಒಂದು ಚೂರು ಬಾಯಿಗಿಡುತ್ತಿದ್ದ.

“ಇದು ದುರಗವ್ವನ ಮನೀದು. ಅಂಚು ಹೊತ್ಯಾವು. ಇವತ್ತ ಗಂಡನ ಜೋಡಿ ಜಗಳ ಆಗೇತಿ.”

ಇನ್ನೊಂದು ಚೂರು. “ಇದು ಜರೀನಾಂದು. ಎಳ್ಳು ಎಷ್ಟ ಸುರುವ್ಯಾಳ ನೋಡು. ಮಗಾ ಊರಿಂದ ಬಂದಿರಬೇಕು.”

“ಸಾಕು, ಸುಮ್ನ ಉಣ್ರಿ” ಎಂದು ಅವ್ವ ಗದರುತ್ತಿದ್ದಳು. ಆದರೂ ಮರುದಿನ ನೀರಿಗೆ ಹೋದಾಗ ಮೆಲ್ಲಗೆ ವಿಚಾರಿಸುತ್ತಿದ್ದಳು. ಅಪ್ಪ ಹೇಳಿದ್ದು ಬಹಳ ಸಲ ಖರೆಯೇ ಆಗಿರುತ್ತಿತ್ತು. ಓಣಿಯ ಸುಖದುಃಖವೆಲ್ಲ ಹೀಗೆ ಅವರ ತಾಟಿಗೆ ಬಂದು ಬೀಳುತ್ತಿತ್ತು. ಅಂಥ ಊಟ ಆಮೇಲೆ ಚನ್ನಬಸವ್ವನಿಗೆ ಸಿಗಲೇ ಇಲ್ಲ.

ಈಗ ಅವಳಿರುವುದು ವಿದ್ಯಾನಗರದ ಅಪಾರ್ಟ್‌ಮೆಂಟಿನಲ್ಲಿ, ಮಗ ಪ್ರಸಾದ ಮತ್ತು ಸೊಸೆ ಐಶ್ವರ್ಯಾಳ ಜೊತೆ. ಬಂದ ಮೊದಲ ವರ್ಷವೇ ರೊಟ್ಟಿಯ ತಾಟು ಹಿಡಿದು ಕಂಡಕಂಡ ಬಾಗಿಲು ಬಡಿದಿದ್ದಳು. ಮೊದಲು ಕಣ್ಣು ಕಣ್ಣು ಬಿಟ್ಟವರು ಮರುವರ್ಷ ತಾವೂ ತಾಟು ಕಳಿಸಲು ಕಲಿತರು. ಆ ಕಟ್ಟಡದಲ್ಲಿ ಅಜ್ಜಿಯ ರೊಟ್ಟಿಗೆ ದೊಡ್ಡ ಹೆಸರು. ಆ ಹೆಸರಿನ ಬಗ್ಗೆ ಅಜ್ಜಿಗೆ ಜಂಬವೂ ಉಂಟು. ಇರಲಿ ಬಿಡಿ, ಅದನ್ನೂ ಬೇಡವೆಂದರೆ ಮುದುಕಿಗೆ ಇನ್ನೇನು ಉಳಿಯಿತು?

ಆದರೆ ಈ ವರ್ಷ ಬಲಗೈ ಬೆರಳುಗಳಿಗೆ ಜೋಮು ಹಿಡಿದಿತ್ತು. ಹಿಡಿದ ಲೋಟ ಜಾರುತ್ತಿತ್ತು. ನರದ ತೊಂದರೆ, ಇನ್ನು ಇಷ್ಟೇ ಎಂದು ಡಾಕ್ಟರು ಹೇಳಿದ್ದರು. ಹೊರಗಿನವರಿಗೆ ಕಾಣದ ಹಾಗೆ ಅವಳು ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಓಡಾಡುತ್ತಿದ್ದಳು. ಕೈ ಹೋಯಿತು ಎಂದು ಗೊತ್ತಾದರೆ ಜನ ಅಯ್ಯೋ ಪಾಪ ಅಂದಾರು ಎಂಬುದೇ ಅವಳ ಭಯ.

“ಅತ್ತಿ, ಅಂಗಡ್ಯಾಗ ಛಲೋ ರೊಟ್ಟಿ ಸಿಗ್ತಾವ್ರಿ, ತರಸ್ತೇನಿ” ಎಂದಳು ಐಶ್ವರ್ಯಾ. “ಯಾರಿಗಿ ಗೊತ್ತಾಗತೈತ್ರಿ?”

ಚನ್ನಬಸವ್ವ ಕಳ್ಳತನಕ್ಕೆ ಒಪ್ಪಿದವರ ಹಾಗೆ ತಲೆಯಾಡಿಸಿದಳು.

ತಾಟುಗಳು ಹೋದವು, ತಾಟುಗಳು ಬಂದವು. ಅಪ್ಪನ ಹಾಗೆ ಕಣ್ಣು ಮುಚ್ಚಿ, ಮೊದಲು ಕೆಳಗಿನ ಮನೆಯ ಗುರುಬಸವನ ತಾಟಿನಿಂದ ಒಂದು ಚೂರು ಬಾಯಿಗಿಟ್ಟಳು. ಆಮೇಲೆ ಎದುರು ಮನೆಯ ಶಮೀಮಳದು. ಆಮೇಲೆ ಉಳಿದವು. ಕಣ್ಣು ತೆರೆದು ನೋಡಿದರೆ ಎಲ್ಲವೂ ಒಂದೇ ಅಳತೆ, ಒಂದೇ ತೆಳುವು, ಅದೇ ಉಪ್ಪು. ಎಲ್ಲವೂ ಅದೇ ಅಂಗಡಿಯವು.

“ಅಯ್ಯ ಶಿವನ, ಎಲ್ಲಾರೂ ನನ್ನಂಗ ಕಳ್ಳರ!” ಎಂದು ಗೊಳ್ಳನೆ ನಕ್ಕಳು. ನಕ್ಕ ಮೇಲೆ ತಾಟನ್ನು ಅತ್ತ ಸರಿಸಿದಳು. ಗುರುಬಸವನ ಹೆಂಡತಿ ಆರಾಮ ಇದ್ದಾಳೋ ಇಲ್ಲವೋ, ಶಮೀಮಳ ಮನೆಯಲ್ಲಿ ಏನು ನಡೆದಿದೆಯೋ, ಈ ರೊಟ್ಟಿಗಳು ಏನೂ ಹೇಳಲಿಲ್ಲ. ಇಷ್ಟು ತಾಟುಗಳ ನಡುವೆ ಕೂತು ಅವಳಿಗೆ ವಿಪರೀತ ಒಂಟಿ ಅನಿಸಿತು.

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಐಶ್ವರ್ಯಾ ಇನ್ನೊಂದು ತಾಟು ಹಿಡಿದು ಬಂದಳು.

“ಮ್ಯಾಲಿನ ಮನಿಗಿ ಹೊಸದಾಗಿ ಬಂದಾರಲ್ರಿ, ಜೋಯಾ ಅಂತ, ಆಕಿ ಗಂಡ ಕೊಟ್ಟು ಹೋದ್ರು. ನಾವು ಅವರಿಗೆ ಕಳಿಸೇ ಇಲ್ರಿ.”

ತಾಟಿನಲ್ಲಿದ್ದ ರೊಟ್ಟಿ ಸೊಟ್ಟಗಿತ್ತು, ನಡುವೆ ದಪ್ಪ, ಅಂಚೆಲ್ಲ ಬಿರುಕು. ಚನ್ನಬಸವ್ವ ಒಂದು ಚೂರು ಮುರಿದು ಬಾಯಿಗಿಟ್ಟಳು. ಅವಳ ಮುಖ ಅರಳಿತು.

“ನೀರು ಕುದಿಯೂಕಿಂತ ಮೊದಲ ಹಿಟ್ಟಿಗಿ ಸುರುವ್ಯಾಳ. ಅವಸರದ ಹುಡುಗಿ. ಬಾಜೂಕ ನಿಂತು ಹೇಳಾಕ ಯಾರೂ ಇಲ್ಲ, ಪಾಪ.”

ಆ ರೊಟ್ಟಿಯನ್ನು ಚೂರೂ ಬಿಡದೆ ತಿಂದಳು. ಖಾಲಿ ತಾಟಿಗೆ ಐಶ್ವರ್ಯಾ ಅಂಗಡಿಯ ರೊಟ್ಟಿ ಇಡಹೋದಾಗ ತಡೆದಳು.

“ಇದಕ್ಕ ಅಂಗಡೀದು ಕೊಡಾಕ ಬರಂಗಿಲ್ಲವಾ. ಹಿಟ್ಟಿನ ಡಬ್ಬಿ ತಾ.”

ಎಡಗೈಯಲ್ಲಿ ಬಡಿದಳು. ಬಲಗೈ ಸುಮ್ಮನೆ ಹಿಟ್ಟಿನ ಮೇಲೆ ಕೂತಿತ್ತು. ರೊಟ್ಟಿ ಒಂದು ಕಡೆ ಓಡಿತು, ಹರಿಯಿತು. ತೇಪೆ ಹಾಕಿ ಮತ್ತೆ ಬಡಿದಳು. ಬೆವರಿದಳು, ಕೈಯನ್ನು ಬೈದಳು. ಕಡೆಗೂ ಹಂಚಿನಿಂದ ಇಳಿದದ್ದು ಅವಳ ಜನ್ಮದಲ್ಲೇ ಕೆಟ್ಟ ರೊಟ್ಟಿ.

“ಅತ್ತಿ, ಇದನ್ನ ಕೊಟ್ರ ನಿಮ್ಮ ಹೆಸರು ಹೋಗತೈತ್ರಿ.”

“ಹೋಗ್ಲಿ ಬಿಡು” ಎಂದಳೇನೋ ನಿಜ. ಆದರೆ ಮೆಟ್ಟಿಲು ಹತ್ತುವಾಗ ನಡುವೆ ಎರಡು ಸಲ ನಿಂತಳು. ಆ ಹುಡುಗಿ ನಕ್ಕುಬಿಟ್ಟರೆ ಎಲ್ಲಿ ಮುಖ ಇಟ್ಟುಕೊಳ್ಳಲಿ ಎಂದುಕೊಂಡಳು.

ಜೋಯಾ ಬಾಗಿಲು ತೆರೆದಳು. ಇನ್ನೂ ಮದುವೆಯ ಮೆಹಂದಿ ಪೂರ್ತಿ ಹೋಗಿರದ ಕೈಗಳಲ್ಲಿ ತಾಟು ತೆಗೆದುಕೊಂಡು, ಅದರ ಮೇಲೆ ಮುಚ್ಚಿದ್ದ ಬಟ್ಟೆ ಸರಿಸಿದಳು. ನಗಲಿಲ್ಲ. ರೊಟ್ಟಿಯ ಮೇಲೆ ಬೆರಳಾಡಿಸಿದಳು. ಒಂದು ಕಡೆಯೆಲ್ಲ ಒತ್ತಿ ಒತ್ತಿ ತೆಳ್ಳಗಾಗಿತ್ತು, ಇನ್ನೊಂದು ಕಡೆ ಹಿಟ್ಟು ದಪ್ಪಗೆ ಹಾಗೇ ಕೂತಿತ್ತು. ಆಮೇಲೆ ಅಜ್ಜಿಯ ಸೆರಗಿನೊಳಗೆ ಅಡಗಿದ್ದ ಕೈಯ ಕಡೆ ನೋಡಿದಳು.

“ಅಜ್ಜೀ,” ಎಂದಳು ಮೆಲ್ಲಗೆ, “ನಿಮ್ಮ ಬಲಗೈಗಿ ಏನಾಗೇತ್ರಿ?”

ಚನ್ನಬಸವ್ವನ ಕಣ್ಣು ತುಂಬಿ ಬಂದವು. ಇಷ್ಟು ದಿನ ಯಾರೂ ಕೇಳಬಾರದು ಎಂದು ಮುಚ್ಚಿಟ್ಟಿದ್ದಳು. ಯಾರಾದರೂ ಕೇಳಲಿ ಎಂದು ತಾನು ಎಷ್ಟು ಕಾದಿದ್ದೆ ಎಂಬುದು ಅವಳಿಗೆ ಈಗ ತಿಳಿಯಿತು.

“ಒಳಗ ಬರ್ಲೇನವಾ?” ಎಂದಳು. “ಹೇಳ್ತೇನಿ.”