ಗಂಡಾಂತರ ಕಳೆದ ಕಾರು

ನಮ್ಮ ಯಜಮಾನರು ಷಡಕ್ಷರಪ್ಪನವರು ಹಳೇಬೀಡಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಗೆರೆ ನೆಟ್ಟಗೆ ಎಳೆಯುತ್ತಾರೆ, ವ್ಯವಹಾರ ಮಾತ್ರ ಸೊಟ್ಟ. ಎರಡು ಸಾವಿರದ ಒಂದನೇ ಇಸವಿಯಲ್ಲಿ ಅರಸೀಕೆರೆಗೆ ಹೋದವರು, ಇನ್ಶೂರೆನ್ಸಿನವರು ‘ಟೋಟಲ್ ಲಾಸ್’ ಎಂದು ಬರೆದು ಕೈತೊಳೆದುಕೊಂಡಿದ್ದ ಒಂದು ಬಿಳಿ ಮಾರುತಿ ಕಾರನ್ನು ಹರಾಜಿನಲ್ಲಿ ಹಿಡಿದುಕೊಂಡು ಬಂದರು. ಬಂದರು ಅಂದರೆ, ಕಾರು ಟ್ರ್ಯಾಕ್ಟರಿನ ಮೇಲೆ, ಇವರು ಬಸ್ಸಿನಲ್ಲಿ. ಯಾರೋ ಅದನ್ನು ಹುಣಸೆಮರಕ್ಕೆ ಗುದ್ದಿ ಮುಂಭಾಗವನ್ನೇ ಇಲ್ಲವಾಗಿಸಿದ್ದರು. ಲಾಸು ಇನ್ಶೂರೆನ್ಸಿನವರಿಗೆ, ನಮಗಲ್ಲ ಎಂದು ನನಗೆ ಸಮಾಧಾನ ಹೇಳಿದರು.

ಬೇಲೂರಿನ ಗ್ಯಾರೇಜೊಂದರಲ್ಲಿ ಅಂಥದ್ದೇ ಇನ್ನೊಂದು ಕಾರು ಬಿದ್ದಿತ್ತು. ಅದಕ್ಕೆ ಹಿಂದಿನಿಂದ ಲಾರಿ ಗುದ್ದಿ ಹಿಂಭಾಗ ಹೋಗಿತ್ತು. ಅದರ ಮುಂದಿನರ್ಧಕ್ಕೆ ಇದರ ಹಿಂದಿನರ್ಧ ಸೇರಿಸಿ, ವೆಲ್ಡಿಂಗ್ ಮಾಡಿಸಿ, ಟಿಂಕರಿಂಗ್ ಮಾಡಿಸಿ, ಬೆಸುಗೆ ಕಾಣದ ಹಾಗೆ ಪುಟ್ಟಿ ಮೆತ್ತಿಸಿದರು. ಬಣ್ಣ ಮಾತ್ರ ತಾವೇ ನಿಂತು ಕಲಸಿದರು, ಡ್ರಾಯಿಂಗ್ ಮೇಷ್ಟ್ರಲ್ಲವೇ! ಮುಂಭಾಗಕ್ಕೆ ಹಾಲಿನ ಬಿಳುಪು ಬಂತು, ಹಿಂಭಾಗಕ್ಕೆ ಮಜ್ಜಿಗೆಯ ಬಿಳುಪು.

ಇಷ್ಟಾಗಿ ಆ ಕಾರು ಬಂದು ನಿಂತದ್ದು ಮಾದಿಹಳ್ಳಿಯ ನಮ್ಮ ಮನೆಯ ಕೊಟ್ಟಿಗೆಯಲ್ಲಿ. ಕೊಟ್ಟಿಗೆಯಲ್ಲಿದ್ದ ನನ್ನ ಗೌರಿಯನ್ನು, ತುಂಬಿದ ಗಬ್ಬದ ಹಸುವನ್ನು, ಜಗಲಿಗೆ ತಂದು ಕಂಬಕ್ಕೆ ಕಟ್ಟಿದರು. ನೆಂಟರಿಗೆ ಕೂರಲು ಜಾಗವಿಲ್ಲ, ಅದಕ್ಕೆ ಮಲಗಲು ಜಾಗವಿಲ್ಲ. ಅದು ಮೂಕಪ್ರಾಣಿ, ಬಾಯಿಬಿಟ್ಟು ಹೇಳಲಾರದು. ನನಗೆ ಮಾತ್ರ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಕರು ಹಾಕುವುದರೊಳಗೆ ಕಾರು ತೊಲಗಬೇಕು, ಗೌರಿ ಒಳಗೆ ಹೋಗಬೇಕು. ನನಗೆ ಬೇಕಿದ್ದದ್ದು ಇಷ್ಟೇ. ಒಳ್ಳೆ ರೇಟು ಬಂದ ದಿನವೇ ಮಾರಿಬಿಡುತ್ತೇನೆ ಎಂದು ಇವರು ರಾಗ ಎಳೆಯುತ್ತಿದ್ದರು.

ಮೊದಲು ಅರೇಹಳ್ಳಿ ಕಡೆಯ ಗಿರಾಕಿಯೊಬ್ಬರು ಬಂದರು. ಕಾರನ್ನು ಬಿಸಿಲಿಗೆ ತೆಗೆಯಿರಿ ಅಂದರು. ಬಿಸಿಲಿಗೆ ಬಂದದ್ದೇ ತಡ, ಹಾಲು ಬೇರೆ ಮಜ್ಜಿಗೆ ಬೇರೆಯಾಗಿ ಕಂಡಿತು. ಅವರು ಬೆರಳ ಗೆಣ್ಣಿನಿಂದ ಮೈಯೆಲ್ಲ ತಟ್ಟುತ್ತ ಬಂದರು. ತಗಡು ಟಣ್ ಎನ್ನಬೇಕಾದ ಕಡೆ ಪುಟ್ಟಿ ದಬ್ ಎಂದಿತು. ಆಕ್ಸಿಡೆಂಟ್ ಗಾಡಿಗೆ ಅರ್ಧ ರೇಟಿನ ಮೇಲೆ ಯಾರೂ ಕೊಡುವುದಿಲ್ಲ ಎಂದು ಚಪ್ಪಲಿ ಮೆಟ್ಟಿದರು.

ಇವರು ಬಿಡಬೇಕಲ್ಲ. “ನೋಡಿ ಸ್ವಾಮಿ, ಏಟು ತಿಂದ ಎರಡು ಅರ್ಧಗಳೂ ಗುಜರಿಗೆ ಹೋದವು. ಇಲ್ಲಿರೋದು ಏಟೇ ತಿನ್ನದ ಎರಡು ಅರ್ಧ. ಲೆಕ್ಕದ ಪ್ರಕಾರ ಈ ಕಾರಿಗೆ ಆಕ್ಸಿಡೆಂಟೇ ಆಗಿಲ್ಲ” ಅಂದರು.

ಗಿರಾಕಿ ನನ್ನ ಮುಖ ನೋಡಿದರು. ನಾನು ಗೌರಿಯ ಮುಖ ನೋಡಿದೆ.

ಅಲ್ಲಿಂದಾಚೆಗೆ ಇವರು ಲೆಕ್ಕ ಹೇಳುವುದನ್ನೂ ಬಿಟ್ಟರು. ಯಾರೇ ಬಂದರೂ, ಸಿದ್ಧೇಶ್ವರನಾಣೆ, ಒಂದು ಗೀರೂ ಬಿದ್ದಿಲ್ಲ ಎಂದೇ ಶುರು ಮಾಡುತ್ತಿದ್ದರು. ಬಂದವರು ತಟ್ಟಿ ನೋಡುತ್ತಿದ್ದರು, ಕಾಫಿ ಕುಡಿದು ಹೋಗುತ್ತಿದ್ದರು. ನನ್ನ ಕಾಫಿಪುಡಿ ಖರ್ಚಾಯಿತೇ ಹೊರತು ಕಾರು ಅಲುಗಲಿಲ್ಲ.

ಕೊನೆಗೊಂದು ದಿನ ಹುಲಿಕೆರೆಯ ಕೆಂಚಯ್ಯ ಬಂದರು. ತೆಂಗಿನ ತೋಟದವರು, ಒಂದು ಕಾಲು ಸ್ವಲ್ಪ ಎಳೆದು ನಡೆಯುತ್ತಿದ್ದರು. ಅವರು ಕಾರನ್ನು ಬಿಸಿಲಿಗೂ ತೆಗೆಸಲಿಲ್ಲ, ತಟ್ಟಿಯೂ ನೋಡಲಿಲ್ಲ. ಗೌರಿಯ ಪಕ್ಕದಲ್ಲೇ ಜಗಲಿಯ ತುದಿಗೆ ಕೂತು ಕಾಫಿ ಕುಡಿದು, ಒಂದೇ ಒಂದು ಮಾತು ಕೇಳಿದರು.

“ಮೇಷ್ಟ್ರೇ, ಗಾಡಿಗೆ ಗಂಡಾಂತರ ಕಳದೈತಾ?”

ಇವರಿಗೆ ನಾಲಿಗೆ ಪಳಗಿಬಿಟ್ಟಿತ್ತು. ಸಿದ್ಧೇಶ್ವರನಾಣೆ, ಒಂದು ಗೀರೂ ಬಿದ್ದಿಲ್ಲ ಅಂದರು. ಕೆಂಚಯ್ಯ ಲೋಟ ಕೆಳಗಿಟ್ಟು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು. ಹೋದ ವರ್ಷ ಅವರು ಹೊಚ್ಚ ಹೊಸ ಜೀಪು ತಂದು, ಪೂಜೆ ಮಾಡಿಸಿ, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟರೂ ಅದು ವಾರದೊಳಗೆ ಹಳ್ಳಕ್ಕೆ ಉರುಳಿ ಅವರ ಕಾಲು ಮುರಿದಿತ್ತಂತೆ. ಹೊಸ ಗಾಡಿಗೆ ಗಂಡಾಂತರ ಮುಂದೆ ಕಾದಿರುತ್ತದೆ, ಒಮ್ಮೆ ಕಳೆದ ಗಾಡಿಗೆ ಆಯಸ್ಸು ಗಟ್ಟಿ ಎಂಬುದು ಅವರು ಕಾಲು ಕೊಟ್ಟು ಕಲಿತ ಪಾಠ.

“ಗಂಡಾಂತರ ಬಾಕಿ ಇರೋ ಗಾಡಿ ನಂಗ್ ಬ್ಯಾಡ, ಬತ್ತೀನಿ” ಎಂದು ಮೆಟ್ಟಿಲಿಳಿದರು.

ನಮ್ಮವರು ಮೆಟ್ಟಿಲವರೆಗೆ ಓಡಿ ಅಲ್ಲೇ ನಿಂತರು. ಆಣೆ ಹಾಕಿದ ಬಾಯಿಂದ ಆಕ್ಸಿಡೆಂಟ್ ಆಗಿದೆ ಎನ್ನುವುದು ಹೇಗೆ? ನಾನು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದೆ.

“ಕೂತ್ಕೊಳ್ಳಿ ಕೆಂಚಯ್ಯನೋರೇ. ಒಂದಲ್ಲ, ಎರಡು ಗಂಡಾಂತರ ಕಳೆದಿದೆ” ಅಂದೆ.

ಹುಣಸೆಮರ, ಲಾರಿ, ವೆಲ್ಡಿಂಗು, ಪುಟ್ಟಿ, ಒಂದನ್ನೂ ಮುಚ್ಚಿಡದೆ ಹೇಳಿದೆ. ಯಾರದಾದರೂ ಜೀವ ಹೋಯಿತಾ ಎಂದು ಅವರು ಮೆಲ್ಲಗೆ ಕೇಳಿದರು. ಮರಕ್ಕೆ ಗುದ್ದಿದವನಿಗೆ ಹಲ್ಲೊಂದು ಅಲ್ಲಾಡಿತ್ತು. ಲಾರಿ ಗುದ್ದಿದಾಗ ಇನ್ನೊಬ್ಬ ಇಳಿದು ಟೀ ಕುಡಿಯುತ್ತಿದ್ದನಂತೆ. ಅದನ್ನೂ ಹೇಳಿದೆ. ಕೆಂಚಯ್ಯನವರ ಮುಖ ಅರಳಿತು. ಕೊಟ್ಟಿಗೆಗೆ ಹೋಗಿ, ಹಾಲು ಮಜ್ಜಿಗೆ ಕೂಡುವ ಜಾಗವನ್ನು ಹುಡುಕಿ ಕೈಯಿಂದ ಸವರಿದರು. ಜೀಪಿನ ಥರಾ ಕೈ ಕೊಡೋ ಗಾಡಿ ಅಲ್ಲ ಇದು, ಎರಡು ಸಲ ಗೆದ್ದು ಬಂದೈತೆ ಎಂದು, ಇವರು ಬಾಯಿಬಿಟ್ಟು ಕೇಳಲೂ ಹೆದರಿದ್ದ ರೇಟನ್ನು ತಾವಾಗಿಯೇ ಹೇಳಿದರು.

ಆಗ ನೋಡಿ, ನಮ್ಮ ಯಜಮಾನರು ಕಾರಿನ ಸುತ್ತ ಒಂದು ಸುತ್ತು ಬಂದರು. ಬಾನೆಟ್ಟಿನ ಮೇಲೆ ಕೈಯಿಟ್ಟರು. ಕಣ್ಣು ತುಂಬಿಕೊಂಡು ನನ್ನ ಕಡೆ ತಿರುಗಿದರು.

“ಇಂಥ ಗಾಡೀನ ಯಾರಾದ್ರೂ ಮಾರ್ತಾರೇನೇ? ನಾವೇ ಇಟ್ಕೊಳ್ಳೋಣ ಕಣೇ.”

ನನಗೆ ಪಿತ್ತ ನೆತ್ತಿಗೇರಿತು. ಜಗಲಿಯಲ್ಲಿ ಗೌರಿ ಬಾಲ ಎತ್ತಿಕೊಂಡು, ನಿಂತಲ್ಲೇ ಕಾಲು ಬದಲಿಸುತ್ತ, ನನ್ನನ್ನೇ ನೋಡುತ್ತಿತ್ತು. ಇನ್ನು ಹೊತ್ತಿಲ್ಲ ಎಂದು ಗೊತ್ತಾಯಿತು.

“ರೀ,” ಅಂದೆ, “ಕಾರಿನ ಗಂಡಾಂತರ ಎರಡೂ ಕಳೆದಿವೆ. ನಿಮ್ಮದು ಈಗ ಎದುರಿಗೆ ನಿಂತಿದೆ.”

ಯಾವ ಗಂಡಾಂತರ, ಎಲ್ಲಿ ನಿಂತಿದೆ ಎಂದು ಅವರು ಕೇಳಲಿಲ್ಲ. ನನ್ನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದವರು. ಜೇಬಿಗೆ ಕೈ ಹಾಕಿ ಕೀಲಿ ತೆಗೆದು ಕೆಂಚಯ್ಯನವರ ಅಂಗೈಗೆ ಇಟ್ಟರು. ಕಾರು ಹುಲಿಕೆರೆಯ ದಾರಿ ಹಿಡಿದು ಮರೆಯಾಗುವವರೆಗೂ ರಸ್ತೆಯಲ್ಲೇ ನಿಂತಿದ್ದರು. ಸುಳ್ಳು ಯಾಕೆ ಹೇಳಲಿ, ಪಾಪ ಅನ್ನಿಸಿತು.

ಸಂಜೆಯೊಳಗೆ ಗೌರಿ ಕೊಟ್ಟಿಗೆಯಲ್ಲಿ ಒಣಹುಲ್ಲಿನ ಮೇಲೆ ಹೆಣ್ಣುಕರು ಹಾಕಿತು. ಕರುವಿನ ಮೈ ಒರೆಸಿದವರು ಇವರೇ. ಒರೆಸುತ್ತ ಒರೆಸುತ್ತ, ನಾನು ನೋಡುತ್ತಿಲ್ಲ ಅಂದುಕೊಂಡು, ಬೆರಳ ಗೆಣ್ಣಿನಿಂದ ಅದರ ಬೆನ್ನನ್ನು ಮೆಲ್ಲಗೆ ಒಮ್ಮೆ ತಟ್ಟಿದರು.