ಕೊಡೆ ಎತ್ತಿದವಳ ಹಿಂದೆ ಹೋದ ಡೆಲ್ಫೀನಾ

ನನ್ನ ಅಕ್ಕ ಡೆಲ್ಫೀನಾ ಜಿನೋವಾದ ಒಂದು ಪ್ರವಾಸ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದಳು. ಟಿಕೆಟ್ ಕೊಡುವುದು ಅವಳ ಕೆಲಸ, ಸಲಹೆ ಕೊಡುವುದು ಅವಳ ಚಟ. ಯಾವ ಊರಿನ ಹೆಸರೆತ್ತಿದರೂ ಅವಳ ಹತ್ತಿರ ಒಂದು ಮಾತಿರುತ್ತಿತ್ತು.

"ಪ್ಯಾರಿಸ್ಸಿಗಾ? ಮಂಗಳವಾರ ಮಾತ್ರ ಹೋಗಬೇಡಿ. ಅವತ್ತು ಅಲ್ಲಿಯವರ ಮುಖ ಸರಿ ಇರಲ್ಲ."

"ಲಂಡನ್ನಾ? ಮನೇಲೇ ಊಟ ಮಾಡ್ಕೊಂಡು ಹೋಗಿ."

ಜನ ಬರೆದುಕೊಳ್ಳುತ್ತಿದ್ದರು. ಹೋಗಿಬಂದವರು ಚಾಕಲೇಟು ತಂದುಕೊಟ್ಟು, "ನೀವು ಹೇಳಿದ ಹಾಗೇ ಆಯ್ತು" ಎನ್ನುತ್ತಿದ್ದರು. ಅವರು ಹೇಳುವ ಕತೆಗಳನ್ನೆಲ್ಲ ಅಕ್ಕ ಕಿವಿಗೊಟ್ಟು ಕೇಳಿ ಮುಂದಿನ ಗಿರಾಕಿಗೆ ಸಲಹೆಯಾಗಿ ಕೊಡುತ್ತಿದ್ದಳು. ಸತ್ಯ ಗೊತ್ತಿದ್ದದ್ದು ನನಗೊಬ್ಬಳಿಗೆ. ಅಕ್ಕ ಸವೋನಾ ದಾಟಿ ಎಲ್ಲಿಗೂ ಹೋದವಳಲ್ಲ. ನಮ್ಮೂರಿಂದ ಸವೋನಾಕ್ಕೆ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಬೇಡ. ಅಲ್ಲಿಗೂ ಅವಳು ಹೋದದ್ದು ಒಂದೇ ಸಲ, ದವಡೆ ಹಲ್ಲು ಕೀಳಿಸುವುದಕ್ಕೆ.

ಅವಳು ನಿವೃತ್ತಳಾದ ದಿನ ಮಾಲೀಕರು ಎಲ್ಲರೆದುರು ಒಂದು ಲಕೋಟೆ ಕೊಟ್ಟರು. ಒಳಗೆ ವಿಯೆನ್ನಾಕ್ಕೆ ಇಬ್ಬರ ರೈಲು ಟಿಕೆಟು, ನಾಲ್ಕು ದಿನದ ಹೋಟೆಲು. "ಡೆಲ್ಫೀನಾ ಅವರಿಗೆ ವಿಯೆನ್ನಾ ನೋಡಿ ನೋಡಿ ಬೇಸರ ಬಂದಿರುತ್ತೆ. ಆದ್ರೂ ನಮ್ಮ ಸಂತೋಷಕ್ಕೆ ಇನ್ನೊಂದು ಸಲ ಹೋಗಿಬನ್ನಿ" ಎಂದರು. ಅಕ್ಕ ನಕ್ಕು ಕೈಕುಲುಕಿದಳು. ಮನೆಗೆ ಬಂದವಳೇ ಅಡಿಗೆಮನೆ ಸೇರಿ ಬಾಗಿಲು ಹಾಕಿಕೊಂಡಳು.

"ನಿಜ ಹೇಳಿಬಿಡು ಅಕ್ಕ" ಎಂದೆ ಹೊರಗಿನಿಂದ.

"ಯಾರಿಗೆ ಹೇಳ್ಲಿ? ಅರ್ಧ ಊರು ನನ್ನ ಮಾತು ಕೇಳಿ ಮಧುಚಂದ್ರಕ್ಕೆ ಹೋಗಿಬಂದಿದೆ ಕಣೇ. ಈಗ ನಿಜ ಹೇಳಿದ್ರೆ ಅವರ ಮದುವೆಗಳ ಗತಿ ಏನು?"

ಹೀಗೆ ನಾವಿಬ್ಬರೂ ಅಕ್ಟೋಬರ್ ತಿಂಗಳಲ್ಲಿ ವಿಯೆನ್ನಾದಲ್ಲಿ ಇಳಿದೆವು.

ಪಾಸ್‌ಪೋರ್ಟು ಯಾವಾಗಲೂ ಮೈಗೆ ಅಂಟಿಕೊಂಡಿರಬೇಕು ಎನ್ನುವುದು ಅಕ್ಕನ ನಿಯಮ. ಮೂವತ್ತೊಂದು ವರ್ಷ ಇದನ್ನು ಊರಿಗೆಲ್ಲ ಹೇಳಿದ್ದಳು, ಈಗ ತಾನೂ ಪಾಲಿಸಿ ನಮ್ಮಿಬ್ಬರದನ್ನೂ ಒಳಲಂಗಕ್ಕೆ ಹೊಲಿದುಕೊಂಡಿದ್ದಳು. ಹೋಟೆಲಿನ ಗುಮಾಸ್ತ ಪಾಸ್‌ಪೋರ್ಟು ಕೇಳಿದ. ಅಕ್ಕ ಕತ್ತರಿ ಕೇಳಿದಳು. ಆತ ಸ್ವಲ್ಪ ಹೊತ್ತು ಅವಳ ಮುಖ ನೋಡಿ, ಇದ್ದುದರಲ್ಲಿ ಚಿಕ್ಕದೊಂದು ಕತ್ತರಿ ಆರಿಸಿ ಕೊಟ್ಟ. ಅಕ್ಕ ಹೂಕುಂಡದ ಹಿಂದೆ ಮರೆಯಾದಳು. ಅಲ್ಲಿಂದ ಬಟ್ಟೆ ಹರಿಯುವ ಸದ್ದು, ಉಸಿರು ಬಿಗಿಹಿಡಿಯುವ ಸದ್ದು, "ಅಯ್ಯೋ, ಇದು ದಾರ ಅಲ್ಲ, ನಾನೇ" ಎನ್ನುವ ಮಾತು ಕೇಳಿಬಂದವು. ಕಡೆಗೆ ಎರಡೂ ಪಾಸ್‌ಪೋರ್ಟು ಮೇಜಿನ ಮೇಲೆ ಬಂದವು. ಆಗತಾನೆ ಒಲೆಯಿಂದ ತೆಗೆದ ಬ್ರೆಡ್ಡಿನಷ್ಟು ಬೆಚ್ಚಗಿದ್ದವು. ಗುಮಾಸ್ತ ಎರಡೇ ಬೆರಳಲ್ಲಿ ಹಿಡಿದು ಹೆಸರು ಬರೆದುಕೊಂಡ.

ಮರುದಿನ ಅಕ್ಕನ ಇನ್ನೊಂದು ನಿಯಮ ಹೊರಬಂತು. "ದುಡ್ಡು ಕೊಟ್ಟು ಮಾರ್ಗದರ್ಶಿ ಇಟ್ಕೊಳ್ಳೋರು ದಡ್ಡರು. ಎಲ್ಲಿ ಯಾರು ಕೊಡೆ ಎತ್ತಿ ಹಿಡಿದಿದಾರೆ ನೋಡು, ಅವರ ಹಿಂದೆ ನಡಿ. ಕೊನೇಲಿ ಒಂದು ನಾಣ್ಯ ಕೈಗಿಟ್ಟು ಥ್ಯಾಂಕ್ಸ್ ಅಂದ್ರೆ ಆಯ್ತು."

"ನಮಗೆ ಜರ್ಮನ್ ಬರಲ್ವಲ್ಲ."

"ಬರಬೇಕು ಅಂತೇನಿಲ್ಲ. ಅವರು ಕೈ ತೋರಿಸಿದ ಕಡೆ ನೋಡಿ ತಲೆ ಆಡಿಸಿದ್ರೆ ಸಾಕು."

ದೊಡ್ಡ ದೊಡ್ಡ ಸಂಗೀತಗಾರರ ಸಮಾಧಿಗಳಿರುವ ಸ್ಮಶಾನವನ್ನು ನೋಡದೆ ವಿಯೆನ್ನಾ ಬಿಡಬಾರದು ಎಂದು ಅವಳು ನೂರಾರು ಜನರಿಗೆ ಹೇಳಿದ್ದಳು. ಟ್ರ್ಯಾಮ್ ಹತ್ತಿ ಅಲ್ಲಿಗೆ ಹೋದೆವು. ಎರಡನೇ ಗೇಟಿನ ಮುಂದೆ ಉದ್ದನೆಯ ಹೆಂಗಸೊಬ್ಬಳು ಮಳೆಯಿಲ್ಲದಿದ್ದರೂ ಕಪ್ಪು ಕೊಡೆ ಎತ್ತಿ ಹಿಡಿದು ನಿಂತಿದ್ದಳು. ಸುತ್ತ ಮೂವತ್ತು ಜನ.

"ನೋಡಿದ್ಯಾ" ಎಂದಳು ಅಕ್ಕ.

ಕೊಡೆ ಹೊರಟಿತು, ನಾವೂ ಹೊರಟೆವು. ಸ್ವಲ್ಪ ದೂರ ಹೋದ ಮೇಲೆ ನನಗೆ ಅನುಮಾನ ಬಂತು.

"ಅಕ್ಕ, ಎಲ್ಲರೂ ಕಪ್ಪು ಬಟ್ಟೆ ಹಾಕಿದಾರೆ."

"ವಿಯೆನ್ನಾದವರು ಅಚ್ಚುಕಟ್ಟು ಜನ." ಅವಳು ಗಿಳಿಹಸಿರು ಕೋಟು ಹಾಕಿದ್ದಳು. ನನ್ನ ತಲೆಯ ಮೇಲೆ ಕೆಂಪು ಟೋಪಿ.

"ಅಕ್ಕ, ಅಲ್ಲಿ ಶವಪೆಟ್ಟಿಗೆ ಇದೆ."

"ಸ್ಮಶಾನದಲ್ಲಿ ಇನ್ನೇನಿರುತ್ತೆ, ಪಿಯಾನೋನಾ?"

ಆದರೆ ಪಾದ್ರಿ ಬಂದು ಪ್ರಾರ್ಥನೆ ಶುರುಮಾಡಿ, ಮುಂದಿದ್ದ ಇಬ್ಬರು ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡಾಗ ಅಕ್ಕನ ಮುಖದ ಬಣ್ಣ ಇಳಿಯಿತು. ಅಷ್ಟರಲ್ಲಿ ಗುಂಪು ಸಾಲಾಗಿತ್ತು. ನಮ್ಮ ಮುಂದೆ ಹತ್ತು ಜನ, ಹಿಂದೆ ಹತ್ತು ಜನ.

"ನೀವೆಸ್, ಇದು ನಿಜವಾದ್ದು ಕಣೇ" ಎಂದಳು ನನ್ನ ಹೆಸರು ಹಿಡಿದು.

"ನಾನು ಇಷ್ಟೊತ್ತು ಏನು ಹೇಳ್ತಿದ್ದೆ?"

"ಈಗ ಸಾಲು ಬಿಟ್ಟು ಓಡಿದ್ರೆ ಸತ್ತವರಿಗೆ ಅವಮಾನ. ಮುಖ ಗಂಭೀರ ಮಾಡ್ಕೋ. ಅಷ್ಟಲ್ಲ, ಅದು ಹೊಟ್ಟೆನೋವಿನ ಮುಖ."

ನಮ್ಮ ಸರದಿ ಬಂದಾಗ ಪುಟ್ಟ ಸಲಿಕೆಯಲ್ಲಿ ಮಣ್ಣು ಹಾಕಿದೆವು. ಪಕ್ಕದಲ್ಲಿ ಕೊಡೆಯ ಹೆಂಗಸು ನಿಂತು ಒಬ್ಬೊಬ್ಬರ ಕೈ ಕುಲುಕುತ್ತಿದ್ದಳು. ಅವಳು ಸತ್ತವರ ತಂಗಿ. ಬೇರೆ ಬೇರೆ ಕಡೆಯಿಂದ ಬಂದ ನೆಂಟರು ದಾರಿ ತಪ್ಪದಿರಲಿ ಎಂದು ಕೊಡೆ ಎತ್ತಿದ್ದಳಂತೆ, ಆಮೇಲೆ ತಿಳಿಯಿತು. ಮಾರ್ಗದರ್ಶಿಗೆ ಕೊಡಲು ಅಕ್ಕ ಎರಡು ಯೂರೋ ನಾಣ್ಯ ಅಂಗೈಯಲ್ಲಿ ಹಿಡಿದು ಬಂದಿದ್ದಳಲ್ಲ, ಗಾಬರಿಯಲ್ಲಿ ಅದನ್ನು ಆ ತಂಗಿಯ ಕೈಗಿಟ್ಟುಬಿಟ್ಟಳು. ತಂಗಿ ನಾಣ್ಯ ನೋಡಿದಳು. ನಮ್ಮ ಹಿಂದಿದ್ದ ದಪ್ಪ ಮನುಷ್ಯನೂ ನೋಡಿದ. ತನಗೆ ಗೊತ್ತಿಲ್ಲದ ಪದ್ಧತಿ ಇರಬೇಕೆಂದುಕೊಂಡು ಅವನೂ ಜೇಬು ತಡಕಿ ಒಂದು ನಾಣ್ಯ ಕೊಟ್ಟ. ಅವನ ಹಿಂದಿನವನೂ ಕೊಟ್ಟ. ಸಾಲು ಮುಗಿಯುವಷ್ಟರಲ್ಲಿ ಆಕೆಯ ಎರಡು ಕೈಯೂ ತುಂಬಿ, ಕೊಡೆಯನ್ನು ಪಾದ್ರಿ ಹಿಡಿದುಕೊಂಡಿದ್ದರು.

ನಾವು ಮೆಲ್ಲಗೆ ಜಾರಿಕೊಳ್ಳಬೇಕೆಂದರೆ ಆ ದಪ್ಪ ಮನುಷ್ಯ ಇಬ್ಬರ ತೋಳೂ ಹಿಡಿದು, ಸಮಾಧಾನದ ಮಾತಾಡುತ್ತ ಸ್ಮಶಾನದ ಎದುರಿನ ಊಟದ ಹೋಟೆಲಿಗೆ ಕರೆದುಕೊಂಡುಹೋದ. ತಿಥಿಯ ಊಟವೇ ಅದು. ಬಿಸಿ ಸೂಪು, ಬೇಯಿಸಿದ ದನದ ಮಾಂಸ, ಮೂಗಿಗೆ ಹತ್ತುವ ಖಾರದ ಚಟ್ನಿ. ಆ ಖಾರಕ್ಕೆ ನಮ್ಮಿಬ್ಬರ ಕಣ್ಣಲ್ಲೂ ನೀರು ಸುರಿಯಿತು. ಎದುರಿಗಿದ್ದವರು ನಮ್ಮ ದುಃಖ ಕಂಡು ಇನ್ನಷ್ಟು ಬಡಿಸಿದರು.

ಆಗ ಸತ್ತವರ ಹೆಂಡತಿ ಬಂದು ನಮ್ಮ ಪಕ್ಕ ಕೂತಳು. ಹೆಸರು ನೇರಿನಾ, ಹುಟ್ಟಿದ್ದು ನಮ್ಮ ಇಟಲಿಯ ಟ್ರಿಯೆಸ್ಟ್‌ನಲ್ಲಿ. ನಮ್ಮ ಭಾಷೆಯಲ್ಲೇ ಕೇಳಿದಳು.

"ನೀವು ನನ್ನ ಗಂಡ ಅಲೋಯಿಸ್ ಕಡೆಯೋರಾ? ನನ್ನ ನಾದಿನಿ ನೀವು ನನ್ನ ಕಡೆಯೋರು ಅಂತಿದಾಳೆ."

ಅಕ್ಕ ಬಾಯಿ ತೆರೆದಳು. ಏನು ಹೇಳುತ್ತಿದ್ದಳೋ ಗೊತ್ತಿಲ್ಲ, ಅಷ್ಟರಲ್ಲಿ ಮೇಜಿನ ಆ ತುದಿಯಿಂದ ವೊಂದ್ರಾಕ್ ಎನ್ನುವ ಮುದುಕ ಎದ್ದು ನಿಂತು ಏನೋ ಕೇಳಿದ. ಎಲ್ಲರೂ ನಮ್ಮ ಕಡೆ ತಿರುಗಿದರು. ನೇರಿನಾ ಅನುವಾದ ಮಾಡಿದಳು.

"ಇವರು ಅಲೋಯಿಸ್‌ನ ಹಳೇ ಗೆಳೆಯರು. ಕೇಳ್ತಿದಾರೆ, ನೀವು ಇಟಲಿಯೋರಂತೆ, ನಮ್ಮ ಅಲೋಯಿಸ್ ನೇಪಲ್ಸ್ ನೋಡಿದೀನಿ, ಬೆಂಕಿಬೆಟ್ಟ ಹತ್ತಿದೀನಿ ಅಂತ ನಲವತ್ತು ವರ್ಷ ಹೇಳ್ತಿದ್ದ, ನಾವ್ಯಾರೂ ನಂಬಲಿಲ್ಲ, ಅವನು ನಿಜವಾಗ್ಲೂ ಬಂದಿದ್ನಾ ಅಂತ." ಇಷ್ಟು ಹೇಳಿ, ದನಿಯಾಗಲಿ ಮುಖವಾಗಲಿ ಒಂದಿಷ್ಟೂ ಬದಲಾಗದೆ ಮುಂದುವರಿಸಿದಳು: "ನನ್ನ ಗಂಡ ಟ್ರ್ಯಾಮ್ ಬಿಟ್ಟು ಇನ್ನೇನೂ ಹತ್ತಿದೋರಲ್ಲ. ರೈಲು ಕಂಡ್ರೆ ವಾಂತಿ. ದಯವಿಟ್ಟು ಇವತ್ತು ಅವರ ಮಾನ ಕಳೀಬೇಡಿ."

ಅಕ್ಕ ಚಮಚ ಕೆಳಗಿಟ್ಟು ಬಾಯಿ ಒರೆಸಿಕೊಂಡಳು. ಟಿಕೆಟ್ ಕಿಟಕಿಯ ಹಿಂದೆ ಕೂತು ಗಿರಾಕಿಯನ್ನು ನೋಡುವಾಗಿನ ಆ ಮುಖ ಬಂತು.

"ಬಂದಿದ್ರು" ಎಂದಳು. "ಬೆಟ್ಟದ ದಾರೀಲೇ ನಮಗೆ ಸಿಕ್ಕಿದ್ದು."

ಆಮೇಲೆ ಇಪ್ಪತ್ತು ನಿಮಿಷ ಅವಳೊಬ್ಬಳೇ ಮಾತಾಡಿದಳು. ಕಾದ ಕಲ್ಲಿನ ಮೇಲೆ ನಡೆದು ಅಲೋಯಿಸ್‌ರ ಬೂಟಿನ ಅಡಿ ಮೆತ್ತಗಾದದ್ದು, ಬಾಡಿಗೆ ಕತ್ತೆ ಅವರನ್ನು ಬೀಳಿಸದೆ ಅವರ ಊಟದ ಬುತ್ತಿಯನ್ನು ಮಾತ್ರ ಬೀಳಿಸಿದ್ದು, ಬಿಸಿಲಿಗೆ ಸುಸ್ತಾದ ತನ್ನ ತಂಗಿಗೆ ಅವರು ಟೋಪಿ ಕೊಟ್ಟದ್ದು. "ಇವಳೇ ಆ ತಂಗಿ" ಎಂದು ನನ್ನ ಕಡೆ ಕೈ ತೋರಿಸಿದಳು. ಬಾಯಿ ತುಂಬ ಮಾಂಸ ಇದ್ದುದರಿಂದ ನಾನು ತಲೆ ಮಾತ್ರ ಆಡಿಸಿದೆ. ಎಲ್ಲರೂ ನನ್ನ ತಲೆಯನ್ನು ಗೌರವದಿಂದ ನೋಡಿದರು.

ವೊಂದ್ರಾಕ್ ಮತ್ತೆ ಕೇಳಿದ. "ದೋಣಿಯಲ್ಲಿ ನಿಂತು ಹಾಡಿದೆ ಅಂತಿದ್ದ. ಹಾಡಿದ್ನಾ?"

"ಹಾಡಿದ್ರು" ಎಂದಳು ಅಕ್ಕ. ಸ್ವಲ್ಪ ತಡೆದು, "ಚೆನ್ನಾಗಿ ಹಾಡ್ಲಿಲ್ಲ" ಎಂದು ಸೇರಿಸಿದಳು.

ನೇರಿನಾ ಅದನ್ನು ಹೇಳಿದ್ದೇ ತಡ, ಇಡೀ ಹೋಟೆಲು ಮೇಜು ಬಡಿದು ನಕ್ಕಿತು. ಅಲೋಯಿಸ್‌ರ ಗಂಟಲು ಆ ಕೇರಿಗೆಲ್ಲ ಗೊತ್ತಿದ್ದದ್ದೇ. ಅಲ್ಲಿಯವರೆಗೆ ಅರೆಮನಸ್ಸಿನಿಂದ ಕೇಳುತ್ತಿದ್ದವರೂ ಆ ಒಂದು ಮಾತಿಗೆ ನಂಬಿದರು. ವೊಂದ್ರಾಕ್ ಕಣ್ಣು ಒರೆಸಿಕೊಂಡು ಖಾಲಿ ಕುರ್ಚಿಯ ಕಡೆಗೆ ಲೋಟ ಎತ್ತಿದ. "ತಪ್ಪಾಯ್ತು ಕಣೋ ಅಲೋಯಿಸ್. ನಲವತ್ತು ವರ್ಷ ನಿನ್ನ ಸುಳ್ಳುಗಾರ ಅಂದೆ."

ಊಟ ಮುಗಿದ ಮೇಲೆ ಕೋಟು ತೂಗುಹಾಕುವ ಜಾಗದಲ್ಲಿ ಅಕ್ಕ ನೇರಿನಾಳ ಕೈ ಹಿಡಿದುಕೊಂಡಳು.

"ನಿಮಗೊಂದು ಮಾತು ಹೇಳ್ಬೇಕು. ನಾವು ನಿಮ್ಮ ಯಾವ ಕಡೆಯೋರೂ ಅಲ್ಲ. ಕೊಡೆ ನೋಡ್ಕೊಂಡು ಬಂದ್ವಿ. ಇನ್ನೊಂದು, ನಾನೂ ನೇಪಲ್ಸ್ ನೋಡಿಲ್ಲ."

"ಮತ್ತೆ ಆ ಕತ್ತೆ?"

"ಅದು ನಮ್ಮ ಬೀದಿ ಔಷಧಿ ಅಂಗಡಿಯವರ ಕತ್ತೆ. ಅಂದ್ರೆ, ಅವರು ಹತ್ತಿದ್ದು."

ನೇರಿನಾ ನಗಲು ಶುರುಮಾಡಿದಳು. ನಗು ತಡೆಯಲಾಗದೆ ಕೋಟುಗಳ ಕಂಬ ಹಿಡಿದುಕೊಂಡಳು. ಕಂಬ ಮೂವತ್ತು ಕೋಟುಗಳ ಸಮೇತ ನಮ್ಮ ಮೂವರ ಮೇಲೆ ಬಿತ್ತು. ಕತ್ತಲಲ್ಲಿ, ಉಣ್ಣೆಯ ವಾಸನೆಯ ನಡುವೆ, ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಅಕ್ಕ ಮಾತ್ರ ಅವಳ ಕೈ ಬಿಟ್ಟಿರಲಿಲ್ಲ.

ಉಳಿದ ಎರಡು ದಿನ ನೇರಿನಾಳೇ ನಮಗೆ ಊರು ತೋರಿಸಿದಳು. ಈಸ್ಟರಿಗೆ ಜಿನೋವಾಕ್ಕೆ ಬಂದು ಮೂರು ವಾರ ನಮ್ಮ ಮನೆಯಲ್ಲಿದ್ದಳು. ಅಲ್ಲಿಂದ ಅವರಿಬ್ಬರೂ ನೇಪಲ್ಸಿಗೆ ಹೋಗಿ ಬೆಂಕಿಬೆಟ್ಟ ಹತ್ತಿದರು. ಈಗ ಅಲ್ಲಿ ಕತ್ತೆ ಇಲ್ಲವಂತೆ, ಬಸ್ಸಿದೆಯಂತೆ. ಅಕ್ಕನಿಗೆ ಬಹಳ ನಿರಾಸೆಯಾಯಿತು.

ಈಗ ಇಬ್ಬರೂ ಲಿಸ್ಬನ್ನಿನಲ್ಲಿದ್ದಾರೆ. ಮಂಡಿನೋವು ಅಂತ ನಾನು ಹೋಗಲಿಲ್ಲ. ನಿನ್ನೆ ಮಧ್ಯಾಹ್ನ ಫೋನು ಬಂತು. ಬೀದಿಯಲ್ಲಿ ಉದ್ದನೆಯ ಸಾಲು ಕಂಡಿತಂತೆ, ಇಷ್ಟು ಜನ ನಿಂತಿದ್ದಾರೆಂದರೆ ನೋಡುವಂಥದ್ದು ಏನೋ ಇರಲೇಬೇಕೆಂದು ಒಂದು ಗಂಟೆ ನಿಂತರಂತೆ. ಒಳಗೆ ಹೋದರೆ ಉಚಿತ ಕಣ್ಣಿನ ಪರೀಕ್ಷೆ. ನೇರಿನಾಳ ಕಣ್ಣು ಚೆನ್ನಾಗಿದೆಯಂತೆ. ಅಕ್ಕನ ಬಲಗಣ್ಣಿಗೆ ಪೊರೆ ಬರುತ್ತಿದೆಯಂತೆ, ಇನ್ನೊಂದು ವರ್ಷದಲ್ಲಿ ತೆಗೆಸಬೇಕಂತೆ.

"ಅದಕ್ಕೇನು ಮಾಡ್ತೀಯ?" ಎಂದೆ.

"ವರ್ಷ ಇದೆಯಲ್ಲೇ" ಎಂದಳು ಅಕ್ಕ. "ಅಷ್ಟರಲ್ಲಿ ಗ್ರೀಸ್ ಮುಗಿಸಿಬಿಡ್ತೀವಿ."